ಓಜೋನ್ ನೀರು, ನ್ಯಾನೋ ಗುಳ್ಳೆ: ನಮ್ಮ ಹೊಂಡದವರೆಗೆ ಬಂದ ದಾರಿ



ಹೋದ ತಿಂಗಳಿಂದ ನಮ್ಮ ಹೋಬಳೀಲಿ ಮೀನು ಹೊಂಡ ಇರೋರ ಬಾಯಲ್ಲೆಲ್ಲ ಒಂದೇ ಮಾತು, ನ್ಯಾನೋ ಬಬಲ್ ಮೆಷಿನ್. ಓಜೋನ್ ನೀರು ಬಿಟ್ಟರೆ ಮೀನಿಗೆ ರೋಗ ಇಲ್ಲ, ಹಸುವಿಗೆ ಕುಡಿಸಿದರೆ ಕೆಚ್ಚಲು ಬಾವು ಇಲ್ಲ, ಹಾಲು ಜಾಸ್ತಿ, ಕೊಟ್ಟಿಗೆ ವಾಸನೆ ಹೋಗುತ್ತೆ ಅಂತ ಮಾರೋರು ಹೇಳಿ ಹೋಗಿದ್ದಾರೆ. ಒಂದು ಮೆಷಿನ್ನಿನ ಬೆಲೆಗೆ ಎರಡು ಒಳ್ಳೇ ಎಚ್.ಎಫ್. ಹಸು ಬರುತ್ತೆ. ನಮ್ಮ ಗುಂಪಿನ ಏಳು ಜನ ಸೇರಿ ಸಾಲ ಮಾಡಿ ಒಂದು ತರೋಣ ಅನ್ನೋ ಮಾತು ಎದ್ದಿದೆ. ಯುಗಾದಿ ಕಳೆದ ಮೇಲೆ ತೀರ್ಮಾನ. ಹೆಣ್ಣು ಕೊಡೋ ಮುಂಚೆ ಹುಡುಗನ ಮನೆತನ ವಿಚಾರಿಸೋ ಹಾಗೆ, ಇದರ ಹಿಂದುಮುಂದು ತಿಳ್ಕೊಳ್ಳೋಣ ಅಂತ ಕೂತೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ ನಮ್ಮ ಅಣ್ಣನ ಮಗಳು ಇಂಗ್ಲಿಷ್ ಲೇಖನಗಳನ್ನ ಓದಿ ಬಿಡಿಸಿ ಹೇಳಿದಳು, ನಾನು ಬರ್ಕೊಂಡೆ. ಉದ್ದ ಇದೆ. ಡೇರಿಗೆ ಹಾಲು ಹಾಕಿ ಬಂದು ನಿಧಾನಕ್ಕೆ ಓದಿ.

ಮೊದಲು ಓಜೋನ್. ಇದು ಹೊಸದಲ್ಲ. 1785ರಲ್ಲಿ ಹಾಲೆಂಡಿನ ಮಾರ್ಟಿನಸ್ ವ್ಯಾನ್ ಮಾರುಮ್ ಅನ್ನೋರು ದೊಡ್ಡ ಗಾಜಿನ ಚಕ್ರ ತಿರುಗಿಸಿ ವಿದ್ಯುತ್ ಕಿಡಿ ಹಾರಿಸ್ತಾ ಇದ್ದಾಗ ಒಂಥರಾ ಘಾಟು ವಾಸನೆ ಬಂತಂತೆ. ಏನು ಅಂತ ಅವರಿಗೆ ಗೊತ್ತಾಗಲಿಲ್ಲ. ಸುಮಾರು ಐವತ್ತೈದು ವರ್ಷ ಆದ ಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಲ್ಲಿ ಷೋನ್‌ಬೈನ್ ಅನ್ನೋ ಮೇಷ್ಟ್ರು ನೀರಿಗೆ ಕರೆಂಟು ಹಾಯಿಸುವಾಗ ಅದೇ ವಾಸನೆ ಗುರುತಿಸಿ, 1840ರಲ್ಲಿ ಗ್ರೀಕ್ ಭಾಷೆಯ ‘ವಾಸನೆ ಬರು’ ಅನ್ನೋ ಮಾತಿನಿಂದ ಓಜೋನ್ ಅಂತ ಹೆಸರಿಟ್ಟರು. ನಮಗೂ ಈ ವಾಸನೆ ಗೊತ್ತು. ಸಿಡಿಲು ಹೊಡೆದ ಮೇಲೆ ಬರುತ್ತಲ್ಲ, ವೆಲ್ಡಿಂಗ್ ಮಾಡೋ ಜಾಗದಲ್ಲಿ ಬರುತ್ತಲ್ಲ, ಅದು. ನಾವು ಉಸಿರಾಡೋ ಆಮ್ಲಜನಕದಲ್ಲಿ ಎರಡು ಪರಮಾಣು ಜೋಡಿ ಇರುತ್ತೆ. ಕಿಡಿಯ ಹೊಡೆತಕ್ಕೆ ಮೂರನೇದು ಬಂದು ಅಂಟಿಕೊಂಡರೆ ಓಜೋನ್. ಆ ಮೂರನೇದು ಅಲ್ಲಿ ನೆಟ್ಟಗೆ ನಿಲ್ಲೋದಿಲ್ಲ, ಸಿಕ್ಕಿದ್ದರ ಮೇಲೆ ಬೀಳುತ್ತೆ. ಬ್ಯಾಕ್ಟೀರಿಯಾ ಸಿಕ್ಕರೆ ಅದರ ಗೋಡೆ ಸುಡುತ್ತೆ, ಕಬ್ಬಿಣ ಸಿಕ್ಕರೆ ತುಕ್ಕು, ಮೀನಿನ ಕಿವಿರು ಸಿಕ್ಕರೆ ಕಿವಿರು. ಅದಕ್ಕೆ ಆಯ್ಕೆ ಇಲ್ಲ.

1857ರಲ್ಲಿ ಬರ್ಲಿನ್ನಿನ ವೆರ್ನರ್ ಸೀಮೆನ್ಸ್ ಗಾಜಿನ ಕೊಳವೆಯೊಳಗೆ ಇನ್ನೊಂದು ಕೊಳವೆ ಇಟ್ಟು, ಮಧ್ಯದ ಸಂದಿಯಲ್ಲಿ ಗಾಳಿ ಹಾಯಿಸಿ, ಹೆಚ್ಚು ವೋಲ್ಟೇಜ್ ಕೊಟ್ಟು ಓಜೋನ್ ಮಾಡೋ ಸಾಧನ ಕಟ್ಟಿದರು. ಇವತ್ತು ನಮ್ಮೂರಿಗೆ ಬಂದಿರೋ ಪೆಟ್ಟಿಗೆ ಒಳಗೂ ಅದೇ ಉಪಾಯ. ಹಾಗಾಗಿ ‘ಇತ್ತೀಚಿನ ಸಂಶೋಧನೆ’ ಅಂತ ಯಾರಾದರೂ ಹೇಳಿದರೆ ಓಜೋನ್ ಭಾಗಕ್ಕೆ ಅದು ಸಲ್ಲೋದಿಲ್ಲ. ಒಂದು ಮುಖ್ಯ ಮಾತು, ಒಳಗೆ ಹೋಗೋ ಗಾಳಿ ಒಣಗಿರಬೇಕು. ತೇವದ ಗಾಳಿ ಹೋದರೆ ಓಜೋನ್ ಕಡಿಮೆ ಬರುತ್ತೆ, ಜೊತೆಗೆ ನೈಟ್ರಿಕ್ ಆಸಿಡ್ ಆಗಿ ಒಳಗಿನ ಭಾಗ ತಿನ್ನುತ್ತೆ. ನಮ್ಮ ಮಳೆಗಾಲದಲ್ಲಿ ಹೊಂಡದ ಪಕ್ಕದ ಗಾಳಿ ಎಷ್ಟು ಒಣಗಿರುತ್ತೆ ಅನ್ನೋದು ನೀವೇ ಲೆಕ್ಕ ಹಾಕಿ.

ಇನ್ನು ಇದು ನೀರಿಗೆ ಬಂದ ಕಥೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾಲರಾ ಬಂದು ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ನದಿ ನೀರನ್ನ ಶೋಧಿಸದೆ ಕುಡಿಯೋಕೆ ಬಿಟ್ಟಿದ್ದರು. ಯುರೋಪಿಗೆಲ್ಲ ನೀರಿನ ಭಯ ಹತ್ತಿತು. ಮಾರನೇ ವರ್ಷ, 1893ರಲ್ಲಿ, ಹಾಲೆಂಡಿನ ಔಡ್ಸ್‌ಹೋರ್ನ್ ಅನ್ನೋ ಊರಲ್ಲಿ ಕುಡಿಯೋ ನೀರಿಗೆ ಓಜೋನ್ ಹಾಕೋ ಸ್ಥಾವರ ಶುರುವಾಯ್ತು. 1906ರಲ್ಲಿ ಫ್ರಾನ್ಸಿನ ನೀಸ್ ನಗರ ದೊಡ್ಡ ಮಟ್ಟದಲ್ಲಿ ಶುರು ಮಾಡಿತು, ಅಲ್ಲಿಂದ ಇದು ಕಾಯಂ ಆಯ್ತು. ಇಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಒಂದು ಸಂಗತಿ. ಔಡ್ಸ್‌ಹೋರ್ನ್‌ನವರು ರೈನ್ ನದಿಯ ನೀರನ್ನ ಮೊದಲು ತಿಳಿಯಾಗಲು ಬಿಟ್ಟು, ಮರಳಲ್ಲಿ ಶೋಧಿಸಿ, ಆಮೇಲೆ ಓಜೋನ್ ಕೊಟ್ಟರು. ಯಾಕೆ ಅಂದ್ರೆ ಕೆಸರು, ಪಾಚಿ, ಕೊಳೆತ ಎಲೆ ಇದ್ದ ನೀರಿಗೆ ಕೊಟ್ಟರೆ ಓಜೋನ್ ಅದನ್ನೆಲ್ಲ ಸುಡೋದರಲ್ಲೇ ಮುಗಿದುಹೋಗುತ್ತೆ, ರೋಗಾಣುವಿನ ಹತ್ತಿರ ಹೋಗೋಕೆ ಏನೂ ಉಳಿಯೋದಿಲ್ಲ. ಈ ಮಾತನ್ನ ನೆನಪಲ್ಲಿ ಇಟ್ಕೊಳ್ಳಿ. ಮುಂದಿನ ಕಥೆ ಪೂರ್ತಿ ಇದರ ಮೇಲೇ ನಿಂತಿದೆ.

ಮೊದಲನೇ ಮಹಾಯುದ್ಧ ಆದ ಮೇಲೆ ಕ್ಲೋರಿನ್ ಅಗ್ಗವಾಗಿ ಸಿಗೋಕೆ ಶುರುವಾಯ್ತು, ಓಜೋನ್ ಹಿಂದೆ ಬಿತ್ತು. ಕ್ಲೋರಿನ್ ನೀರಲ್ಲಿ ಉಳ್ಕೊಳ್ಳುತ್ತೆ, ಪೈಪಿನಲ್ಲಿ ಕೊನೇ ಮನೆವರೆಗೂ ಕಾವಲು ಇರುತ್ತೆ. ಓಜೋನ್ ಹಾಗಲ್ಲ, ನಿಮಿಷಗಳ ಲೆಕ್ಕದಲ್ಲಿ ಅರ್ಧ ಹೋಗುತ್ತೆ, ಬಿಸಿ ನೀರಲ್ಲಿ ಇನ್ನೂ ಬೇಗ. ಆದರೆ ಅದೇ ಗುಣದಿಂದ ಮೀನು ಸಾಕೋರಿಗೆ ಇದರ ಮೇಲೆ ಕಣ್ಣು ಬಿತ್ತು. ಕ್ಲೋರಿನ್ ಉಳಿದರೆ ಮೀನು ಸಾಯುತ್ತೆ, ಓಜೋನ್ ಕೆಲಸ ಮುಗಿಸಿ ಆಮ್ಲಜನಕ ಆಗಿ ಹೋಗುತ್ತಲ್ಲ ಅಂತ.

ಅಮೆರಿಕ, ಯುರೋಪಿನ ತಣ್ಣೀರು ಮೀನಿನ ಮರಿ ಕೇಂದ್ರಗಳಲ್ಲಿ ಪ್ರಯೋಗ ಶುರುವಾಯ್ತು. 1979ರಲ್ಲಿ ಅಮೆರಿಕದ ವೆಡೆಮೇಯರ್ ಮತ್ತು ಸಂಗಡಿಗರು ರೇನ್‌ಬೋ ಟ್ರೌಟ್ ಮೀನಿನ ಮೇಲೆ ಪರೀಕ್ಷೆ ಮಾಡಿ ಹೇಳಿದ್ದು ಕೇಳಿ: ಒಂದು ಲೀಟರ್ ನೀರಲ್ಲಿ ಓಜೋನ್ 0.01 ಮಿಲಿಗ್ರಾಂಗೂ ಸ್ವಲ್ಪ ಕಡಿಮೆ ಇದ್ದರೂ ನಾಲ್ಕು ದಿನದಲ್ಲಿ ಅರ್ಧ ಮೀನು ಸಾಯುತ್ತೆ. ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿನಲ್ಲಿ 10 ಮಿಲಿಗ್ರಾಂ, ಅಂದ್ರೆ ಚಿಟಿಕೆ ಉಪ್ಪಿನಲ್ಲೂ ಸಣ್ಣ ಪಾಲು. ಬ್ಯಾಕ್ಟೀರಿಯಾ ಸಾಯೋಕೆ ಬೇಕಾದ್ದು ಇದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಹಾಗಾಗಿ ಅವರು ಮೀನಿರೋ ತೊಟ್ಟಿಗೆ ನೇರ ಕೊಡೋದು ಬಿಟ್ಟು, ನೀರು ಒಳಗೆ ಬರೋ ದಾರಿಯಲ್ಲಿ ಬೇರೆ ಟ್ಯಾಂಕ್ ಕಟ್ಟಿ ಅಲ್ಲಿ ಓಜೋನ್ ಕೊಟ್ಟು, ಅದು ಪೂರ್ತಿ ಹೋದ ಮೇಲೆ ಮೀನಿಗೆ ಬಿಡೋ ಪದ್ಧತಿ ಮಾಡಿಕೊಂಡರು.

1990ರ ದಶಕದಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಫ್ರೆಶ್‌ವಾಟರ್ ಇನ್‌ಸ್ಟಿಟ್ಯೂಟಿನಲ್ಲಿ ಒಂದೇ ನೀರನ್ನ ಮತ್ತೆ ಮತ್ತೆ ಶೋಧಿಸಿ ಬಳಸೋ ಟ್ರೌಟ್ ತೊಟ್ಟಿಗೆ ಓಜೋನ್ ಕೊಟ್ಟು ನೋಡಿದರು. ನಮ್ಮಲ್ಲಿ ಈಗ ಆರ್.ಎ.ಎಸ್. ಅಂತ ಸಬ್ಸಿಡಿ ಕೊಡ್ತಾರಲ್ಲ, ಆ ತರಹದ ವ್ಯವಸ್ಥೆ. 1997ರಲ್ಲಿ ಬಂದ ಅವರ ವರದಿ ನನಗೆ ತುಂಬ ಹಿಡಿಸಿತು, ಯಾಕಂದ್ರೆ ಉತ್ತರ ನೇರ ಇಲ್ಲ. ಕಿವಿರು ರೋಗ ತರೋ ಬ್ಯಾಕ್ಟೀರಿಯಾ ಓಜೋನ್ ಕೊಟ್ಟ ತೊಟ್ಟಿಯಲ್ಲೂ ಇತ್ತು, ಕಿವಿರಿನ ಮೇಲೂ ಕೂತಿತ್ತು. ಒಟ್ಟು ಬ್ಯಾಕ್ಟೀರಿಯಾ ಹೇಳಿಕೊಳ್ಳೋ ಹಾಗೆ ಕಡಿಮೆ ಆಗಿರಲಿಲ್ಲ. ಆದರೂ ರೋಗ ಎದ್ದು ಮೀನು ಸಾಯೋದು ನಿಂತಿತ್ತು, ಔಷಧಿ ಬೇಕಾಗಲಿಲ್ಲ. ನೀರು ತಿಳಿಯಾಗಿ, ನೈಟ್ರೈಟು ಕಡಿಮೆಯಾಗಿ, ಕಿವಿರಿಗೆ ತೊಂದರೆ ಕೊಡೋ ಸಣ್ಣ ಕಸ ಹೋಗಿ, ಮೀನಿನ ಮೈಗೆ ತಾಕತ್ತು ಬಂತು ಅಂತ ಅವರ ಅಂದಾಜು. ಓಜೋನ್ ಅಲ್ಲಿ ವಿಷ ಹಾಕೋ ಕೆಲಸಕ್ಕಿಂತ ಕಸ ಗುಡಿಸೋ ಕೆಲಸ ಮಾಡಿತು.

ಆ ಪದ್ಧತಿಯವರು ಇಟ್ಟುಕೊಂಡಿರೋ ಒಂದು ಲೆಕ್ಕ ಇದೆ: ಮೀನಿಗೆ ಹಾಕೋ ಪ್ರತಿ ಕೆಜಿ ತಿಂಡಿಗೆ ಸುಮಾರು 13ರಿಂದ 24 ಗ್ರಾಂ ಓಜೋನ್. ನಮ್ಮೂರಿಗೆ ಬಂದ ಮೆಷಿನ್ನಿನ ಪಟ್ಟಿಯಲ್ಲಿ ಗಂಟೆಗೆ 5 ಗ್ರಾಂ ಅಂತ ಬರೆದಿತ್ತು. ಕರೆಂಟು ಒಂದು ನಿಮಿಷ ಹೋಗದೆ 24 ಗಂಟೆ ಓಡಿದರೆ 120 ಗ್ರಾಂ. ಅದು ದಿನಕ್ಕೆ 5ರಿಂದ 9 ಕೆಜಿ ತಿಂಡಿ ಹಾಕೋ ತೊಟ್ಟಿಗೆ ಸಾಲುತ್ತೆ. ಅರ್ಧ ಎಕರೆಯಲ್ಲಿ ಪಂಗಾಸಿಯಸ್ ಸಾಕಿ ದಿನಕ್ಕೆ 20 ಕೆಜಿ ಹಾಕೋರು ನಮ್ಮಲ್ಲೇ ಇದ್ದಾರೆ. ಏಳು ಹೊಂಡಕ್ಕೆ ಒಂದು ಮೆಷಿನ್ ಅಂದ್ರೆ, ಊರಿಗೆಲ್ಲ ಒಂದು ಚೊಂಬು ಮಜ್ಜಿಗೆ. ತ್ರೀ ಫೇಸ್ ಎಷ್ಟು ಹೊತ್ತು ಇರುತ್ತೆ ಅನ್ನೋದು ಬೇರೆ ಮಾತು.

ಈಗ ಗುಳ್ಳೆಗೆ ಬರೋಣ. ಇದರ ಕಥೆ ಬೇರೇನೇ.

ಏರೇಟರ್ ಬಿಟ್ಟಾಗ ಬರೋ ಕಾಳಿನ ಗಾತ್ರದ ಗುಳ್ಳೆ ಸೆಕೆಂಡಿಗೆ 20-30 ಸೆಂಟಿಮೀಟರ್ ಮೇಲಕ್ಕೆ ಓಡುತ್ತೆ. ಐದು ಅಡಿ ಆಳದಿಂದ ಏಳೆಂಟು ಸೆಕೆಂಡಲ್ಲಿ ಮೇಲೆ ಬಂದು ಒಡೆಯುತ್ತೆ, ಒಳಗಿದ್ದ ಗಾಳಿಯ ಬಹುಪಾಲು ವಾಪಸ್ ಆಕಾಶಕ್ಕೆ. ಗುಳ್ಳೆ ಸಣ್ಣದಾದಷ್ಟೂ ನಿಧಾನ. ಕೂದಲೆಳೆಗಿಂತ ಸಣ್ಣದು, 50 ಮೈಕ್ರಾನ್ ಇದ್ದರೆ, ಅದೇ ಐದು ಅಡಿ ಹತ್ತೋಕೆ 18 ನಿಮಿಷ ಬೇಕು. ಅಷ್ಟು ಹೊತ್ತು ನೀರಲ್ಲಿದ್ದರೆ ಆಮ್ಲಜನಕ ಕರಗೋಕೆ ಸಮಯ ಸಿಗುತ್ತೆ. ಇದು ಮೈಕ್ರೋ ಬಬಲ್. ಇವು ತುಂಬಿದ ನೀರು ಹಾಲಿನ ಹಾಗೆ ಬಿಳಿ ಕಾಣುತ್ತೆ. ನ್ಯಾನೋ ಗುಳ್ಳೆ ಅಂದ್ರೆ ಇದಕ್ಕಿಂತ ನೂರಾರು ಪಟ್ಟು ಸಣ್ಣದು, ಬರಿಗಣ್ಣಿಗೆ ಕಾಣಲ್ಲ, ಆ ನೀರು ಸಾದಾ ನೀರಿನ ಹಾಗೇ ತಿಳಿ. ನಮ್ಮೂರಲ್ಲಿ ಪ್ರದರ್ಶನ ಮಾಡಿದಾಗ ಬಕೆಟ್ಟಿನಲ್ಲಿ ಹಾಲಿನ ಬಣ್ಣ ತೋರಿಸಿ ‘ನೋಡಿ ನ್ಯಾನೋ’ ಅಂದರು, ಎಲ್ಲರೂ ಫೋಟೋ ಹೊಡೆದರು. ಬಿಳಿ ಕಂಡಿದ್ದು ಮೈಕ್ರೋ. ಅದರ ಜೊತೆಗೆ ನ್ಯಾನೋ ಇದ್ದಿರಬಹುದು, ಆದರೆ ಬಕೆಟ್ ನೋಡಿ ಅದನ್ನ ಹೇಳೋಕೆ ಯಾರಿಂದಲೂ ಆಗಲ್ಲ. ಲೇಸರ್ ಬೆಳಕು ಹಾಯಿಸಿ ಎಣಿಸೋ ಯಂತ್ರ ಬೇಕು.

ಇಂಥ ಗುಳ್ಳೆ ಇರೋಕೆ ಸಾಧ್ಯವೇ ಇಲ್ಲ ಅಂತ ವಿಜ್ಞಾನಿಗಳು ಬಹಳ ಕಾಲ ನಂಬಿದ್ದರು. 1950ರಲ್ಲಿ ಎಪ್‌ಸ್ಟೈನ್, ಪ್ಲೆಸೆಟ್ ಅನ್ನೋ ಇಬ್ಬರು ಲೆಕ್ಕ ಮಾಡಿ ತೋರಿಸಿದ್ದರು. ಗುಳ್ಳೆ ಸಣ್ಣದಾದಷ್ಟೂ ನೀರಿನ ಮೇಲ್ಪೊರೆ ಅದನ್ನ ಬಿಗಿಯಾಗಿ ಹಿಂಡುತ್ತೆ. ನೂರು ನ್ಯಾನೋಮೀಟರ್ ಗುಳ್ಳೆ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಇಪ್ಪತ್ತೈದು ಮೂವತ್ತು ಪಟ್ಟು ಆಗಬೇಕು. ಆ ಹಿಂಡಿಗೆ ಅದು ಕಣ್ಣು ಮಿಟುಕಿಸೋದರೊಳಗೆ ನೀರಲ್ಲಿ ಕರಗಿ ಹೋಗಬೇಕು. ಆದರೆ 1994ರಲ್ಲಿ ಪಾರ್ಕರ್, ಕ್ಲಾಸನ್, ಅಟಾರ್ಡ್ ಅನ್ನೋರು ನೀರು ಹತ್ತದ ಎರಡು ಮೈಗಳ ಮಧ್ಯದ ಸೆಳೆತ ಅಳೆಯುವಾಗ, ಅಲ್ಲಿ ಸಣ್ಣ ಗುಳ್ಳೆ ಅಂಟಿಕೊಂಡಿರಬೇಕು ಅಂದರು. 2000ದ ಇಸವಿಯಲ್ಲಿ ವಿಶೇಷ ಸೂಕ್ಷ್ಮದರ್ಶಕದಲ್ಲಿ ಅವುಗಳ ಚಿತ್ರ ಬಂತು. ಅದು ಮೈಗೆ ಅಂಟಿದ ಗುಳ್ಳೆ. ನೀರಿನ ನಡುವೆ ತೇಲೋ ಗುಳ್ಳೆ ದಿನಗಟ್ಟಲೆ ಹೇಗೆ ಉಳಿಯುತ್ತೆ, ಎಣಿಸಿದ್ದರಲ್ಲಿ ಎಷ್ಟು ನಿಜವಾದ ಗುಳ್ಳೆ, ಎಷ್ಟು ಪಂಪಿನಿಂದ ಬಂದ ಎಣ್ಣೆ ಹನಿ, ಧೂಳಿನ ಕಣ ಅನ್ನೋ ಜಗಳ ಇನ್ನೂ ನಡೀತಾ ಇದೆ. ಮೇಲ್ಮೈಯಲ್ಲಿರೋ ಋಣ ವಿದ್ಯುತ್ತು ಅದನ್ನ ಹಿಡಿದಿಡುತ್ತೆ ಅಂತ ಒಂದು ಪಕ್ಷ, ಸಾಲಲ್ಲ ಅಂತ ಇನ್ನೊಂದು ಪಕ್ಷ.

ವಿಜ್ಞಾನಿಗಳ ಜಗಳ ಮುಗಿಯೋಕೆ ಮೀನುಗಾರರು ಕಾಯಲಿಲ್ಲ. ಜಪಾನಿನ ಕರಾವಳಿಯಲ್ಲಿ 1990ರ ದಶಕದಲ್ಲಿ ಒಂದು ಜಾತಿ ಪಾಚಿ ಉಕ್ಕಿ ಸಮುದ್ರ ಕೆಂಪಾಗಿ ಸಿಂಪಿ, ಅದೇ ಆಯ್ಸ್ಟರ್, ರಾಶಿ ರಾಶಿ ಸತ್ತವು. ಹಿರೋಷಿಮಾ ಕೊಲ್ಲಿ ಅದಕ್ಕೆ ಹೆಸರಾದ ಜಾಗ, ಮುತ್ತಿನ ಸಿಂಪಿಯವರಿಗೂ ಪೆಟ್ಟು ಬಿತ್ತು. ಆಗ ತೊಕುಯಾಮಾ ತಾಂತ್ರಿಕ ಕಾಲೇಜಿನ ಹಿರೋಫುಮಿ ಒನಾರಿ ಅನ್ನೋ ಮೇಷ್ಟ್ರು ಸಿಂಪಿ ತೆಪ್ಪಗಳ ಕೆಳಗೆ ಮೈಕ್ರೋ ಬಬಲ್ ಬಿಡೋ ಪ್ರಯೋಗ ಮಾಡಿದರು. ಈ ಗುಳ್ಳೆ ಸಾಕಣೆಗೆ ಬಂದ ದಾರಿ ಇದು. ಅಲ್ಲಿ ಓಜೋನ್ ಇರಲಿಲ್ಲ, ಬರೀ ಗಾಳಿ. ಸಾಲ ತೀರಿಸಲಾಗದೆ ಕೂತ ಜನಕ್ಕೆ ಆಸರೆ ಹುಡುಕಿದ ಕೆಲಸ, ಹಾಗಾಗಿ ನನಗೆ ಆ ಮೇಷ್ಟ್ರ ಮೇಲೆ ಗೌರವ.

ಆಮೇಲೆ ಜಪಾನಿನ ಕೈಗಾರಿಕೆ ಇದರ ಹಿಂದೆ ನಿಂತಿತು. ಯಾರು ಬೇಕಾದರೂ ಏನು ಬೇಕಾದರೂ ನ್ಯಾನೋ ಅಂತ ಮಾರಬಾರದು ಅಂತ ಅಂತರರಾಷ್ಟ್ರೀಯ ಮಾನಕ ಬಂತು, 2017ರ ಐ.ಎಸ್.ಒ. 20480. ಅದರಲ್ಲಿ 100 ಮೈಕ್ರಾನಿಗಿಂತ ಸಣ್ಣದು ಫೈನ್ ಬಬಲ್, 1 ಮೈಕ್ರಾನಿಗಿಂತ ಸಣ್ಣದು ಅಲ್ಟ್ರಾಫೈನ್ ಬಬಲ್ ಅಂತ ಹೆಸರು. ನಮ್ಮಲ್ಲಿ ನ್ಯಾನೋ ಅನ್ನೋದಕ್ಕೆ ಮಾನಕದ ಹೆಸರು ಇದು. ಮಾರೋರನ್ನ ಕೇಳುವಾಗ ಈ ನಂಬರ್ ಹೇಳಿ, ಮುಖ ನೋಡಿ.

2013ರಲ್ಲಿ ಜಪಾನಿನ ಎಬಿನಾ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನವನ್ನ ಮಾರಾಟದವರು ಎಲ್ಲ ಕಡೆ ತೋರಿಸ್ತಾರೆ. ಆಯು ಅನ್ನೋ ಸಿಹಿನೀರು ಮೀನು ಸಾದಾ ನೀರಲ್ಲಿ ಒಟ್ಟು 3 ಕೆಜಿಯಿಂದ 6.4 ಕೆಜಿ ಆದರೆ, ಗಾಳಿಯ ನ್ಯಾನೋ ಗುಳ್ಳೆ ನೀರಲ್ಲಿ 3ರಿಂದ 10.2 ಕೆಜಿ ಆಯ್ತು. ರೇನ್‌ಬೋ ಟ್ರೌಟ್ 50 ಕೆಜಿಯಿಂದ ಸಾದಾ ನೀರಲ್ಲಿ 129.5, ಗುಳ್ಳೆ ನೀರಲ್ಲಿ 148. ಅಂಕಿ ಚೆನ್ನಾಗಿದೆ, ಸುಳ್ಳು ಅಂತ ನಾನು ಹೇಳಲ್ಲ. ಆದರೆ ಎರಡು ಮೀನಿಗೆ ಎಷ್ಟು ವ್ಯತ್ಯಾಸ ನೋಡಿ, ಒಂದಕ್ಕೆ ಅರ್ಧಕ್ಕಿಂತ ಜಾಸ್ತಿ ಲಾಭ, ಇನ್ನೊಂದಕ್ಕೆ ಏಳನೇ ಒಂದು ಪಾಲು. ಕರಪತ್ರದಲ್ಲಿ ಮೊದಲನೇದು ಮಾತ್ರ ಅಚ್ಚಾಗಿರುತ್ತೆ.

ಓಜೋನ್ ಮತ್ತು ನ್ಯಾನೋ ಗುಳ್ಳೆ ಎರಡೂ ಸೇರಿದ ಕೆಲಸದಲ್ಲಿ ನಮಗೆ ಹತ್ತಿರದ್ದು ಥಾಯ್ಲೆಂಡಿನದು, 2021ರಲ್ಲಿ ಬಂದದ್ದು. ಬಿಸಿ ದೇಶ, ತಿಲಾಪಿಯಾ ಮೀನು, ನಮ್ಮಲ್ಲೂ ಕಾಡೋ ಸ್ಟ್ರೆಪ್ಟೊಕಾಕಸ್ ಮತ್ತು ಏರೋಮೊನಾಸ್ ರೋಗಾಣು. ಆಂಟಿಬಯೋಟಿಕ್ ಬಳಕೆ ತಗ್ಗಿಸೋಕೆ ದಾರಿ ಹುಡುಕ್ತಾ ಇದ್ದರು. 50 ಲೀಟರ್ ಶುದ್ಧ ನೀರಿಗೆ ರೋಗಾಣು ಬಿಟ್ಟು, ಓಜೋನ್ ನ್ಯಾನೋ ಗುಳ್ಳೆ ಹತ್ತು ನಿಮಿಷ ಕೊಟ್ಟರೆ ನೂರಕ್ಕೆ 96-97 ಸತ್ತವು. ಇದೇ ಅಂಕಿ ನಮಗೆ ಹೇಳಿದ್ದು. ಅದೇ ಲೇಖನದ ಮುಂದಿನ ಭಾಗ ನಮಗೆ ಯಾರೂ ಹೇಳಲಿಲ್ಲ. ಮೀನು ಸಾಕಿದ್ದ ತೊಟ್ಟಿಯ ನೀರು, ಹೇಲು, ಲೋಳೆ, ಉಳಿದ ತಿಂಡಿ ಇರೋದು, ಅದಕ್ಕೆ ಕೊಟ್ಟಾಗ ಮೊದಲ ಹತ್ತು ನಿಮಿಷಕ್ಕೆ ಸುಮಾರು 43 ಮಾತ್ರ. ಎರಡನೇ ಸಲ ಕೊಟ್ಟ ಮೇಲೆ 85, ಮೂರನೇ ಸಲಕ್ಕೆ 99. ಮೀನಿನ ಕಿವಿರು ಒಂದು ಸಲದ ಚಿಕಿತ್ಸೆಯಲ್ಲಿ ಸರಿ ಇತ್ತು, ಎರಡು ಮೂರು ಸಲ ಕೊಟ್ಟವಕ್ಕೆ ಹಾನಿ ಕಂಡಿತು. ರೋಗಾಣು ಪೂರ್ತಿ ಸಾಯೋಕೆ ಮೂರು ಸಲ ಬೇಕು, ಕಿವಿರು ತಡ್ಕೊಳ್ಳೋದು ಒಂದು ಸಲ. ಔಡ್ಸ್‌ಹೋರ್ನ್ ಊರಿನವರು ನೂರಕ್ಕೂ ಹೆಚ್ಚು ವರ್ಷದ ಹಿಂದೆ ನೀರು ಶೋಧಿಸಿದ್ದು ಇದಕ್ಕೇ.

ಇದನ್ನ ನಮ್ಮ ಹೊಂಡಕ್ಕೆ ತನ್ನಿ. ಕೃಷಿಭಾಗ್ಯದಲ್ಲಿ ತೆಗೆದ 21 ಮೀಟರ್ ಚೌಕದ, 3 ಮೀಟರ್ ಆಳದ ಹೊಂಡ ತುಂಬಿದರೆ, ದಡದ ಇಳಿಜಾರು ಕಳೆದೂ ಎಂಟು ಲಕ್ಷ ಲೀಟರ್. ಥಾಯ್ಲೆಂಡಿನ ತೊಟ್ಟಿಗಿಂತ 16,000 ಪಟ್ಟು. ಅದಕ್ಕಿಂತ ದೊಡ್ಡದು, ನಾವು ಕಾಟ್ಲಾ, ರೋಹು ಬಿಡೋ ಹೊಂಡಕ್ಕೆ ಸಗಣಿ, ಸೂಪರ್ ಫಾಸ್ಫೇಟ್ ಹಾಕಿ ಬೇಕಂತಲೇ ನೀರು ಹಸಿರು ಮಾಡ್ತೀವಿ. ಮೊಣಕೈವರೆಗೆ ಕೈ ಇಳಿಸಿ ಬೆರಳು ಕಾಣ್ತಾ ಇದೆಯಾ ಅಂತ ನೋಡಿ ಸಗಣಿ ಲೆಕ್ಕ ಹಾಕ್ತೀವಿ. ಆ ಹಸಿರೇ ಕಾಟ್ಲಾ ಮರಿಯ ಊಟ, ಹಗಲಿನ ಆಮ್ಲಜನಕ ಕೊಡೋದೂ ಅದೇ. ಓಜೋನ್ ಮೊದಲು ತಿನ್ನೋದು ಅದನ್ನ. ಬಯೋಫ್ಲಾಕ್ ತೊಟ್ಟಿಯವರಿಗೆ ಇನ್ನೂ ಕಷ್ಟ, ಅಲ್ಲಿ ಬ್ಯಾಕ್ಟೀರಿಯಾ ಸಾಕೋದೇ ಕೆಲಸ. ಮತ್ತೆ ಅಮೋನಿಯಾ ಓಜೋನಿಗೆ ಹೋಗುತ್ತೆ ಅಂತ ನಂಬಿದೋರಿಗೆ ಒಂದು ಮಾತು: ನಮ್ಮ ನೀರಿನ ಸಾಮಾನ್ಯ ಪಿ.ಎಚ್.ನಲ್ಲಿ ಓಜೋನ್ ನೈಟ್ರೈಟನ್ನ ಬೇಗ ನೈಟ್ರೇಟ್ ಮಾಡುತ್ತೆ, ಅಮೋನಿಯಾ ಮೇಲೆ ಬಹಳ ನಿಧಾನ.

ಬೆಳಗಿನ ಜಾವ ಮೀನು ಬಾಯಿ ತೆಗೆದು ಮೇಲೆ ಬರೋದು ಆಮ್ಲಜನಕದ ಕೊರತೆ, ಅದಕ್ಕೆ ಪ್ಯಾಡಲ್ ವೀಲ್ ಇದೆ. ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದಲ್ಲಿ ಕ್ಲಾಡ್ ಬಾಯ್ಡ್ 1980ರ ದಶಕದಲ್ಲೇ ಅಳೆದು ಹೇಳಿದ್ದಾರೆ, ಒಳ್ಳೇ ಪ್ಯಾಡಲ್ ವೀಲ್ ಪರೀಕ್ಷೆ ತೊಟ್ಟಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 2 ಕೆಜಿ ಆಮ್ಲಜನಕ ಕರಗಿಸುತ್ತೆ. ಗುಳ್ಳೆ ಮೆಷಿನ್ ಒಂದು ಯೂನಿಟ್ಟಿಗೆ ಎಷ್ಟು ಕರಗಿಸುತ್ತೆ ಅಂತ ಬರೆದು ಕೊಡಲಿ. ನನ್ನ ಓಟು ಈಗ ಇಷ್ಟು: ಹಸಿರು ಹೊಂಡ ಇರೋ ಐದು ಜನ ಈ ಸಾಲದಲ್ಲಿ ಸೇರಬಾರದು. ಮರಿ ಬೆಳೆಸೋ ಸಿಮೆಂಟ್ ತೊಟ್ಟಿ ಇರೋ ಇಬ್ಬರಿಗೆ, ಬೋರ್‌ವೆಲ್ಲಿನ ತಿಳಿ ನೀರಿಗೆ, ಮೀನಿಗೆ ಬಿಡೋ ಮುಂಚಿನ ಟ್ಯಾಂಕಿನಲ್ಲಿ ಕೊಡೋದಾದರೆ ಯೋಚನೆ ಮಾಡಬಹುದು. ಆದರೆ ಸಾಲಕ್ಕೆ ಏಳು ಜನರ ಸಹಿ ಬೇಕು, ಗುಂಪಲ್ಲಿ ಮನಸ್ತಾಪ ಬರುತ್ತೆ ಅನ್ನೋದೂ ನನಗೆ ಗೊತ್ತು.

ಒಂದು ಎಚ್ಚರ. ಪಂಪ್‌ಶೆಡ್ ಬಾಗಿಲು ಹಾಕಿ ಒಳಗೆ ಓಜೋನ್ ಮೆಷಿನ್ ಓಡಿಸಬೇಡಿ. ಅಮೆರಿಕದಲ್ಲಿ ಕೆಲಸಗಾರರಿಗೆ ಎಂಟು ಗಂಟೆಗೆ ಇಟ್ಟಿರೋ ಮಿತಿ ಗಾಳಿಯ ಹತ್ತು ಲಕ್ಷ ಪಾಲಿಗೆ 0.1 ಪಾಲು. ಮೂಗಿಗೆ ಘಾಟು ಹೊಡೆದರೆ ಹೊರಗೆ ಬನ್ನಿ. ಉಬ್ಬಸ ಇರೋರು ಹತ್ತಿರ ಹೋಗೋದೇ ಬೇಡ.

ಇನ್ನು ದನದ ವಿಷಯ. ಕೆಚ್ಚಲು ಬಾವಿನ ಮಾತಿಗೆ ಬುಡ ಇಲ್ಲದೇ ಇಲ್ಲ. 2000ದಲ್ಲಿ ಜಪಾನಿನ ಒಗಾಟ, ನಾಗಹಾಟ ಅನ್ನೋ ಪಶುವೈದ್ಯರು ಬಾವು ಬಂದ 15 ಹಸುಗಳಿಗೆ ಓಜೋನ್ ಕೊಟ್ಟು, 9 ಹಸು ಆಂಟಿಬಯೋಟಿಕ್ ಇಲ್ಲದೆ ವಾಸಿಯಾದವು ಅಂತ ಬರೆದರು. ಅವರು ಕೊಟ್ಟಿದ್ದು ಅನಿಲ, ಅದೂ ಮೊಲೆತೊಟ್ಟಿನ ಒಳಗೆ, ವೈದ್ಯರ ಕೈಯಲ್ಲಿ. ಕುಡಿಯೋ ನೀರಲ್ಲಲ್ಲ. ನೀರು ಕುಡಿಸಿದರೆ ಮೈ ಹಿಡಿಯುತ್ತೆ ಅನ್ನೋದಕ್ಕೆ ತೋರಿಸೋದು ಅದೇ ಎಬಿನಾ ಲೇಖನದ ಇಲಿಗಳು. ಆಮ್ಲಜನಕದ ಗುಳ್ಳೆ ನೀರು ಕುಡಿದ ಇಲಿ 23.5 ಗ್ರಾಂ, ಸಾದಾ ನೀರು ಕುಡಿದದ್ದು 21.8 ಗ್ರಾಂ. ಈ 1.7 ಗ್ರಾಮನ್ನ ಹಸುವಿನ ಹಾಲಿನ ಲೀಟರಿಗೆ ಯಾವ ಲೆಕ್ಕದಲ್ಲಿ ತಿರುಗಿಸಿದರೋ! ವಾಸನೆಗೆ ಸಂಬಂಧಪಟ್ಟಂತೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಹಂದಿ ಗೊಬ್ಬರದ ರೊಚ್ಚಿಗೆ ಓಜೋನ್ ಕೊಟ್ಟು ನಾತ ತಗ್ಗಿಸಿದ್ದು ನಿಜ, ಆದರೆ ಅಷ್ಟು ಗಟ್ಟಿ ರೊಚ್ಚಿಗೆ ಸುರಿಯಬೇಕಾದ ಓಜೋನ್ ನಮ್ಮ ಗಂಟೆಗೆ 5 ಗ್ರಾಮಿನ ಪೆಟ್ಟಿಗೆಯ ಕೆಲಸ ಅಲ್ಲ.

ಕೊಟ್ಟಿಗೆಯಲ್ಲಿ ಇದಕ್ಕೆ ಸರಿಯಾದ ಜಾಗ ನನಗೆ ಕಂಡದ್ದು ಹಾಲಿನ ಕ್ಯಾನು, ಪಾತ್ರೆ ತೊಳೆಯೋದು. ಅಮೆರಿಕದ ಆಹಾರ ಇಲಾಖೆ 2001ರಲ್ಲಿ ಆಹಾರ ಪದಾರ್ಥಕ್ಕೇ ಓಜೋನ್ ಬಳಸಲು ಒಪ್ಪಿಗೆ ಕೊಟ್ಟಿದೆ. ಮೊದಲು ಸೋಪಿನಲ್ಲಿ ಜಿಡ್ಡು ತೆಗೆದು, ಆಮೇಲೆ ತಿಳಿ ನೀರಿನ ಓಜೋನ್ ಹಾಯಿಸಿದರೆ ಅದಕ್ಕೆ ಸುಡೋಕೆ ಬೇರೆ ಕಸ ಇರೋದಿಲ್ಲ. ತಯಾರಾದ ತಕ್ಷಣ ಬಳಸಬೇಕು, ಡ್ರಮ್ಮಿನಲ್ಲಿ ತುಂಬಿಟ್ಟು ಸಂಜೆ ಬಳಸಿದರೆ ಅದು ಬರೀ ನೀರು. ಹಾಲು ಕರೆಯೋ ಮೆಷಿನ್ ಇರೋರು ರಬ್ಬರ್ ಲೈನರ್ ಮೇಲೆ ಹಾಯಿಸೋ ಮುಂಚೆ ನೋಡ್ಕೊಳ್ಳಿ, ಓಜೋನ್ ತಾಗಿದರೆ ರಬ್ಬರ್ ಬಿರುಕು ಬಿಡುತ್ತೆ. ಸಿಲಿಕಾನ್ ಲೈನರ್ ಆದರೆ ಆ ತೊಂದರೆ ಕಡಿಮೆ.